ಮರಳಿ ಬರುವವನೂ ಮೃದುವಚನವೂ

ಒಳ್ಳೆಯ ಮಾರ್ಗಕ್ಕೆ ಕಾಲಿಡುವುದು ಒಂದು. ಆ ಮಾರ್ಗದಲ್ಲಿ ನಿಲ್ಲುವುದು ಇನ್ನೊಂದು. ಮೊದಲನೆಯದು ಒಂದು ಗಳಿಗೆಯ ಕೆಲಸ. ಎರಡನೆಯದು ಬಾಳಿನುದ್ದಕ್ಕೂ ನಡೆಯತಕ್ಕ ಕೆಲಸ. ಶರಣರು ಈ ಭೇದವನ್ನು ಚೆನ್ನಾಗಿ ಅರಿತವರು. ಆದುದರಿಂದಲೇ ಅವರು ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ನೆಲೆಗಳನ್ನು ಹೇಳಿದರು. ದೀಕ್ಷೆಯಾದ ದಿನವೇ ಎಲ್ಲವೂ ಮುಗಿಯಿತೆಂದು ಹೇಳಲಿಲ್ಲ. ದೀಕ್ಷೆ ಬಾಗಿಲು, ಸಾಧನೆ ಮನೆ. ಬಾಗಿಲನ್ನು ದಾಟಿದವನು ಮನೆಯೊಳಗೆ ವಾಸಮಾಡುವುದನ್ನು ಕಲಿಯಬೇಕು.

ಮದ್ಯಪಾನವೇ ಮೊದಲಾದ ವ್ಯಸನಗಳನ್ನು ಬಿಡಲೆಳಸುವವರ ವಿಷಯದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಗದ್ದುಗೆಯ ಮುಂದೆ ವಿಭೂತಿ ಮುಟ್ಟಿ ಆಣೆಯಿಡುವವರುಂಟು. ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸುವವರುಂಟು. ಮೊದಲ ದಿನ ಮನೆಯವರೆಲ್ಲರೂ ಸಂಗಡ ಹೋಗುತ್ತಾರೆ. ಎರಡನೆಯ ಸಲಕ್ಕೆ ಹೆಂಡತಿಯೊಬ್ಬಳೇ ಹೋಗುತ್ತಾಳೆ. ಮೂರನೆಯ ಸಲ ಆಸ್ಪತ್ರೆಯಲ್ಲಿ ಅವನ ಹೆಸರು ಕೂಗಿದಾಗ ಎದ್ದು ನಿಲ್ಲುವವರು ಯಾರೂ ಇರುವುದಿಲ್ಲ. 'ಅವನಿಗೆ ಮನಸ್ಸಿಲ್ಲ, ಬಿಡಿ' ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ. ಈ ತೀರ್ಪು ನ್ಯಾಯವಾದುದೇ? ಕೆಲವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಚಿಕಿತ್ಸೆಗೆ ಮರಳಿ ಮರಳಿ ಬರುತ್ತಾರೆ. ಕೆಲವರು ಎರಡನೆಯ ಭೇಟಿಗೇ ತಪ್ಪಿಹೋಗುತ್ತಾರೆ. ಹೀಗೇಕೆ? ಸದ್ಭಕ್ತರು ವಿಚಾರಮಾಡಬೇಕಾದ ಪ್ರಶ್ನೆಯಿದು.

ಮೊದಲು ಈ ಚಿಕಿತ್ಸೆಯ ಸ್ವರೂಪವನ್ನು ತಿಳಿಯಬೇಕು. ಹಾಸಿಗೆ ಹಿಡಿದು ಆಸ್ಪತ್ರೆಯಲ್ಲಿರುವವನು ಒಳರೋಗಿ. ಅಲ್ಲಿ ಹೆಂಡವಿಲ್ಲ, ಗೆಳೆಯರ ಒತ್ತಾಯವಿಲ್ಲ, ಸಂಬಳದ ಹಣ ಕೈಯಲ್ಲಿಲ್ಲ. ಆದರೆ ಆ ವಾಸ ಕೆಲವು ವಾರಗಳದು. ಮನೆಯಲ್ಲಿದ್ದುಕೊಂಡೇ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಂದು, ವೈದ್ಯರನ್ನು ಕಂಡು, ಆಪ್ತಸಮಾಲೋಚಕರೊಡನೆ ಮಾತನಾಡಿ, ಔಷಧ ಪಡೆದು ಹಿಂದಿರುಗುವವನು ಹೊರರೋಗಿ. ಅವನು ಹಿಂದಿರುಗುವ ದಾರಿಯಲ್ಲಿ ಅದೇ ಅಂಗಡಿಯಿದೆ, ಅದೇ ಗೆಳೆಯರಿದ್ದಾರೆ, ಸಂತೆಯ ದಿನ ಕೂಲಿಯ ಹಣ ಜೇಬಿನಲ್ಲಿದೆ. ಅವನ ಸಾಧನೆ ಗುಹೆಯೊಳಗಿನದಲ್ಲ, ನಡುಬೀದಿಯದು. ಸಂಸಾರದಲ್ಲಿದ್ದೇ ಸಾಧನೆ ಮಾಡಬೇಕೆಂದ ಶರಣರ ಮಾರ್ಗಕ್ಕೆ ಈ ಚಿಕಿತ್ಸೆ ಬಹಳ ಹತ್ತಿರವಾದುದು. ಅಷ್ಟೇ ಕಠಿನವಾದುದು ಕೂಡ.

ಕುಡಿತದ ಹಾನಿಗೆ ಸಿಕ್ಕಿದವರ ಸಂಖ್ಯೆಯೇನು ಸ್ವಲ್ಪವೇ? ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಏಮ್ಸ್ ಸಂಸ್ಥೆಯ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ಹಾನಿಕರ ಬಳಕೆಗೋ ಅವಲಂಬನೆಗೋ ಒಳಗಾಗಿ ನೆರವು ಬೇಕಾದವರು ಭಾರತದಲ್ಲಿ ಸುಮಾರು 5.7 ಕೋಟಿ ಮಂದಿ. ಮದ್ಯಕ್ಕೆ ಅವಲಂಬಿತರಾದವರಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆಯನ್ನೋ ನೆರವನ್ನೋ ಪಡೆದವರು 38 ಜನರಿಗೆ ಒಬ್ಬರು. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180 ಜನರಿಗೆ ಒಬ್ಬರು. ಹಾಗಾದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವನು ಮೂವತ್ತೆಂಟರಲ್ಲಿ ಒಬ್ಬನಾದ ಅಪರೂಪದ ಮನುಷ್ಯ. ಅವನು ಬಂದ ದಾರಿಯಲ್ಲಿಯೇ ಕಾಣದಂತೆ ಹೊರಟುಹೋದರೆ ಆಗುವ ನಷ್ಟವನ್ನು ಅವನ ಮನೆಯವರೇ ಬಲ್ಲರು.

'ಇಚ್ಛಾಶಕ್ತಿಯಿದ್ದವನು ನಿಲ್ಲುತ್ತಾನೆ, ಇಲ್ಲದವನು ಓಡುತ್ತಾನೆ' ಎಂಬುದು ಲೋಕದ ನಂಬಿಕೆ. ಈ ನಂಬಿಕೆಯನ್ನು ಬಹಳ ಹಿಂದೆಯೇ ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕುಡಿತದ ರೋಗಿಗಳು ಬರುತ್ತಿದ್ದರು. ಮುಂದಿನ ಚಿಕಿತ್ಸೆಗೆ ಬನ್ನಿರೆಂದರೆ ಬರುತ್ತಿರಲಿಲ್ಲ. ಇವರಿಗೆ ಮನಸ್ಸೇ ಇಲ್ಲವೆಂದು ಅಲ್ಲಿಯೂ ಭಾವಿಸಿದ್ದರು. ಮಾರಿಸ್ ಚೇಫೆಟ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ಪ್ರಯೋಗ ಮಾಡಿದರು. ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು ಎಂದಿನಂತೆಯೇ ನೋಡಿಕೊಂಡರು. ಉಳಿದರ್ಧ ಮಂದಿಯನ್ನು ಒಬ್ಬ ವೈದ್ಯರೂ ಒಬ್ಬ ಸಮಾಜಸೇವಕರೂ ಕೂಡಲೇ ಕಂಡು, ಗೌರವದಿಂದ ಮಾತನಾಡಿಸಿ, ಅವರ ಆಗಿನ ಅವಶ್ಯಕತೆಗಳನ್ನು ವಿಚಾರಿಸಿ, ಮುಂದೆಯೂ ತಾವೇ ಸಂಪರ್ಕವಿಟ್ಟುಕೊಂಡರು. 1962ರಲ್ಲಿ ಪ್ರಕಟವಾದ ಫಲವಿದು: ಎಂದಿನಂತೆ ನೋಡಿಕೊಂಡವರಲ್ಲಿ ಚಿಕಿತ್ಸಾಲಯಕ್ಕೆ ಬಂದವರು ನೂರಕ್ಕೆ ಸುಮಾರು 5 ಮಂದಿ, ಆದರದಿಂದ ಕಂಡವರಲ್ಲಿ ನೂರಕ್ಕೆ 65 ಮಂದಿ. ರೋಗ ಅದೇ, ಊರು ಅದೇ, ಕುಡಿತ ಅದೇ. ಬದಲಾದದ್ದು ರೋಗಿಯ ಮನಸ್ಸಲ್ಲ, ಬಾಗಿಲಲ್ಲಿ ನಿಂತವರ ಮನಸ್ಸು.

ಇನ್ನೂ ಸಣ್ಣ ಸಂಗತಿಯೊಂದಿದೆ. 1965ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೊದಲ ಭೇಟಿಯ ಬಳಿಕ ರೋಗಿಗೆ ಒಂದು ಪತ್ರ ಬರೆದರು. ತಾವು ಬಂದುದು ಸಂತೋಷ, ತಮ್ಮ ಕ್ಷೇಮದ ವಿಷಯದಲ್ಲಿ ಕಾಳಜಿಯಿದೆ, ಮತ್ತೆ ಬಂದರೆ ಕಾಣಲು ಸಿದ್ಧರಿದ್ದೇವೆ ಎಂಬುದೇ ಅದರ ಭಾವ. ಪತ್ರ ತಲಪಿದವರಲ್ಲಿ ನೂರಕ್ಕೆ 50 ಮಂದಿ ಮರಳಿ ಬಂದರು. ಪತ್ರವಿಲ್ಲದವರಲ್ಲಿ 31 ಮಂದಿ. ಎರಡು ವರ್ಷಗಳ ಅನಂತರ ಪತ್ರಕ್ಕೆ ಬದಲು ದೂರವಾಣಿಯಲ್ಲಿ ಒಂದು ಸಲ ಮಾತನಾಡಿ ನೋಡಿದರು. ಮಾತನಾಡಿಸಿದವರಲ್ಲಿ 44 ಮಂದಿ ಬಂದರೆ, ಮಾತನಾಡಿಸದವರಲ್ಲಿ 8 ಮಂದಿ ಬಂದರು. ಒಂದು ಕಾಗದ, ಒಂದು ಕರೆ! ಇದಕ್ಕೆ ಧನವೇನು ಬೇಕು, ವಿದ್ಯೆಯೇನು ಬೇಕು? 'ನೀನು ಬಾರದಿದ್ದರೆ ಒಬ್ಬರ ಕಣ್ಣಿಗೆ ಅದು ಕಾಣುತ್ತದೆ' ಎಂಬ ಅರಿವು ಮನುಷ್ಯನನ್ನು ಎಷ್ಟು ದೂರದಿಂದಾದರೂ ಕರೆತರಬಲ್ಲುದು.

ಅದೇ ಬಾಸ್ಟನ್ನಿನಲ್ಲಿ 1967ರಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯನ್ನು ಕಂಡುಕೊಂಡರು. ಕುಡಿತದ ರೋಗಿಗಳ ಬಗ್ಗೆ ವೈದ್ಯರು ಮಾತನಾಡಿದ ಧ್ವನಿಮುದ್ರಿಕೆಗಳನ್ನು ಪರೀಕ್ಷಿಸಿದಾಗ, ಯಾವ ವೈದ್ಯರ ಧ್ವನಿಯಲ್ಲಿ ಕೋಪ ಹೆಚ್ಚಾಗಿ ಕೇಳಿಸುತ್ತಿತ್ತೋ ಆ ವೈದ್ಯರು ಕಳುಹಿಸಿದ ರೋಗಿಗಳು ಚಿಕಿತ್ಸೆಗೆ ಹೋದದ್ದು ಕಡಿಮೆ. ಆಡಿದ ಶಬ್ದಕ್ಕಿಂತ ಆಡಿದ ಸ್ವರವೇ ಮುಖ್ಯವಾಯಿತು. ಮೃದುವಾದ ನುಡಿಯನ್ನು ಜಪತಪಗಳಿಗೆ ಸಮನಾಗಿ ಎಣಿಸಿದ ಶರಣಪರಂಪರೆಗೆ ಇದು ಹೊಸದಲ್ಲ. ಮಾತು ಲಿಂಗವು ಮೆಚ್ಚುವಂತಿರಬೇಕೆಂಬ ನಿಯಮವನ್ನು ಶರಣರು ಪಂಡಿತರ ಸಭೆಗೆ ಮಾತ್ರ ಹೇಳಿದ್ದಲ್ಲ. ಬಿದ್ದವನೊಡನೆ ಆಡುವ ಮಾತಿಗೂ ಹೇಳಿದ್ದು. ಎದ್ದು ನಿಂತವನೊಡನೆ ಸವಿಯಾಗಿ ಮಾತನಾಡುವುದು ಯಾರಿಗೂ ಸುಲಭ. ಬಿದ್ದವನೊಡನೆ ಆಡುವಾಗಲೇ ನಾಲಗೆಯ ಸಂಸ್ಕಾರ ತಿಳಿಯುವುದು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಮೃದುವಾಗಿ ಮಾತನಾಡಿದರೆ ತಪ್ಪಿಗೆ ಸಮ್ಮತಿ ಕೊಟ್ಟಂತಾಗದೇ? ಕಟುವಾಗಿ ಹೇಳಿದರಲ್ಲವೇ ನಾಟುವುದು? ಈ ಸಂದೇಹವನ್ನೂ ಪರೀಕ್ಷಿಸಲಾಗಿದೆ. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾಲೋಚಕನು ಎದುರು ಬಿದ್ದು ವಾದಿಸಿದಷ್ಟೂ ರೋಗಿಯ ಪ್ರತಿರೋಧ ಹೆಚ್ಚಿತು; ಹಾಗೆ ಹೆಚ್ಚು ವಾದಕ್ಕೊಳಗಾದವರು ಒಂದು ವರ್ಷದ ಬಳಿಕ ಹೆಚ್ಚು ಕುಡಿಯುತ್ತಿದ್ದುದು ಕಂಡುಬಂದಿತು. ಅದಕ್ಕೂ ಹತ್ತು ವರ್ಷ ಮೊದಲು, 1983ರಲ್ಲಿ, ಇದೇ ಮಿಲ್ಲರ್ ಅವರು ಬೇರೊಂದು ಮಾರ್ಗವನ್ನು ವಿವರಿಸಿದ್ದರು. ಅದರಲ್ಲಿ ಸಮಾಲೋಚಕನು ಉಪದೇಶಿಸುವುದಿಲ್ಲ, ಕೇಳುತ್ತಾನೆ. 'ಈ ಕುಡಿತದಿಂದ ನಿನಗೆ ಬಂದುದೇನು, ಹೋದುದೇನು? ನಿನ್ನ ಬಾಳು ಹೇಗಿರಬೇಕೆಂದು ನಿನ್ನ ಆಸೆ?' ಎಂದು ವಿಚಾರಿಸುತ್ತಾನೆ. ಬಿಡಬೇಕೆಂಬ ಕಾರಣವನ್ನು ರೋಗಿ ತನ್ನ ಬಾಯಿಂದಲೇ ಹೇಳುತ್ತಾನೆ. ಪರರು ಹೇರಿದ ಕಾರಣಕ್ಕಿಂತ ತನ್ನೊಳಗಿನಿಂದ ಹುಟ್ಟಿದ ಕಾರಣ ಗಟ್ಟಿಯಾಗಿ ನಿಲ್ಲುತ್ತದೆ. ಅನುಭವಮಂಟಪದ ಮರ್ಮವೂ ಇದೇ ಅಲ್ಲವೇ? ಅಲ್ಲಿ ಅಂಬಿಗನೂ ಮಡಿವಾಳನೂ ಗೊಗ್ಗವ್ವೆಯೂ ತಂತಮ್ಮ ಅನುಭವವನ್ನು ತಂತಮ್ಮ ನುಡಿಯಲ್ಲಿ ಹೇಳಿದರು. ಅವರ ಪರವಾಗಿ ಇನ್ನೊಬ್ಬರು ಹೇಳಲಿಲ್ಲ.

ಆದುದರಿಂದ ಮೃದುತ್ವವೆಂದರೆ ಸಡಿಲಿಕೆಯಲ್ಲ. ಕುಡಿತ ಕೆಟ್ಟದ್ದೆಂಬ ಸತ್ಯವನ್ನು ಮರೆಮಾಡಬೇಕಾಗಿಲ್ಲ. ಆ ಸತ್ಯವನ್ನು ಕಲ್ಲಿನಂತೆ ಎಸೆಯಬಾರದು, ಅಷ್ಟೆ. ಕೈಗೆ ಊರುಗೋಲು ಕೊಡುವಂತೆ ಕೊಡಬೇಕು.

ಇನ್ನು ಈ ವಿಚಾರದ ತಿರುಳಿಗೆ ಬರಬೇಕು. ಚಿಕಿತ್ಸೆಗೆ ಬರುತ್ತಿದ್ದವನು ಬರುವುದನ್ನು ನಿಲ್ಲಿಸುವುದು ಬಹುಶಃ ಯಾವಾಗ? ಅವನು ಮತ್ತೆ ಜಾರಿದಾಗ. ಎರಡು ತಿಂಗಳು ಮುಟ್ಟದಿದ್ದವನು ಒಂದು ಮದುವೆಯ ಮನೆಯಲ್ಲಿಯೋ ಒಂದು ಜಗಳದ ರಾತ್ರಿಯಲ್ಲಿಯೋ ಕುಡಿಯುತ್ತಾನೆ. ಮರುದಿನ ಎದ್ದಾಗ ಅವನ ಬಾಯಲ್ಲಿರುವುದು ಹೆಂಡದ ಕಹಿಯೊಂದೇ ಅಲ್ಲ. 'ಯಾವ ಮುಖವಿಟ್ಟುಕೊಂಡು ಡಾಕ್ಟರ ಬಳಿ ಹೋಗಲಿ? ಯಾವ ಮುಖದಿಂದ ಗದ್ದುಗೆಗೆ ಕೈಮುಗಿಯಲಿ? ಆಣೆ ಮುರಿದವನು ನಾನು' ಎಂಬ ಲಜ್ಜೆಯ ಕಹಿ ಅದಕ್ಕಿಂತ ಘೋರವಾದುದು. ಆ ಲಜ್ಜೆಯನ್ನು ಮರೆಯಲು ಅವನಿಗೆ ತಿಳಿದಿರುವುದು ಒಂದೇ ಉಪಾಯ. ಮತ್ತೆ ಕುಡಿಯುತ್ತಾನೆ. ಅವನನ್ನು ಕೆಡಿಸಿದ್ದು ಮೊದಲ ಬಟ್ಟಲಲ್ಲ. ಮೊದಲ ಬಟ್ಟಲಿನ ಬಳಿಕ ಮುಚ್ಚಿದಂತೆ ಕಂಡ ಬಾಗಿಲು.

ವೈದ್ಯಶಾಸ್ತ್ರ ಇದನ್ನು ಬೇರೆ ದೃಷ್ಟಿಯಿಂದ ನೋಡುತ್ತದೆ. ಮಧುಮೇಹ, ರಕ್ತದೊತ್ತಡಗಳಂತೆ ಅವಲಂಬನೆಯೂ ದೀರ್ಘಕಾಲ ನೋಡಿಕೊಳ್ಳಬೇಕಾದ ರೋಗ. ನಡುನಡುವೆ ಮರುಕಳಿಸುವುದು ಅದರ ಸ್ವಭಾವ. ಸಕ್ಕರೆಯ ಕಾಯಿಲೆಯವನು ಹಬ್ಬದಲ್ಲಿ ಹೋಳಿಗೆ ತಿಂದು ಸಕ್ಕರೆ ಏರಿಸಿಕೊಂಡು ಬಂದರೆ ವೈದ್ಯರು ಅವನನ್ನು ಹೊರಗಟ್ಟುವರೇ? ಔಷಧವನ್ನು ಸರಿಪಡಿಸಿ ಮತ್ತೆ ಬಾ ಎನ್ನುತ್ತಾರೆ. ಜಾರಿದ ದಿನವೇ ಚಿಕಿತ್ಸೆಯ ಅಗತ್ಯ ಅತ್ಯಧಿಕವಾಗಿರುವ ದಿನ. ಯಾವ ಹೊತ್ತಿನಲ್ಲಿ, ಯಾರ ಸಂಗಡ, ಯಾವ ದುಃಖದಲ್ಲಿ ಜಾರಿದನೆಂಬುದು ತಿಳಿದರೆ ಮುಂದಿನ ಸಲ ಎಚ್ಚರವಹಿಸಲು ಅದೇ ಪಾಠವಾಗುತ್ತದೆ. ಹೊಲದ ಬದು ಒಂದು ಮಳೆಗೆ ಒಡೆದರೆ ರೈತನು ಹೊಲವನ್ನು ಬಿಟ್ಟು ಹೋಗುವುದಿಲ್ಲ. ಎಲ್ಲಿ ಒಡೆಯಿತೆಂದು ನೋಡಿ ಅಲ್ಲಿಯೇ ಮಣ್ಣು ಹಾಕುತ್ತಾನೆ.

ಅಫೀಮು, ಹೆರಾಯಿನ್ ಮೊದಲಾದವುಗಳ ವಿಷಯದಲ್ಲಿ ಈ ಮಾತು ಪ್ರಾಣಕ್ಕೇ ಸಂಬಂಧಿಸಿದ್ದು. ಕೆಲವು ಕಾಲ ಬಿಟ್ಟಿದ್ದವನ ದೇಹ ಹಿಂದಿನ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹಳೆಯ ಅಳತೆಯಲ್ಲಿಯೇ ತೆಗೆದುಕೊಂಡರೆ ಉಸಿರು ನಿಂತು ಸಾಯುವ ಅಪಾಯವಿದೆ. ಇಂಥವರಿಗೆ ವೈದ್ಯರು ಬ್ಯುಪ್ರಿನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧಗಳನ್ನು ದೀರ್ಘಕಾಲ ಕೊಡುವುದುಂಟು. 'ಒಂದು ಮತ್ತು ಬಿಟ್ಟು ಇನ್ನೊಂದು ಮತ್ತು ಹಿಡಿದ' ಎಂದು ಹೀಯಾಳಿಸಿ ಅದನ್ನು ಬಿಡಿಸುವ ಬಂಧುಗಳು ತಿಳಿಯದೆಯೇ ಅವನನ್ನು ಮೃತ್ಯುವಿನ ಸಮೀಪಕ್ಕೆ ತಳ್ಳುತ್ತಾರೆ. ಹಾಗೆಯೇ ಬಹುಕಾಲ ಅತಿಯಾಗಿ ಕುಡಿದವನು ಆಣೆಯಿಟ್ಟೆನೆಂದು ಒಮ್ಮೆಗೇ ನಿಲ್ಲಿಸಿದರೆ, ಕೆಲವೇ ದಿನಗಳಲ್ಲಿ ಕೈನಡುಕ, ಸೆಳವು, ಸನ್ನಿ ಕಾಣಿಸಿಕೊಂಡು ಪ್ರಾಣಾಪಾಯವಾಗಬಹುದು. ಆದುದರಿಂದ ಆಣೆಯ ಸಂಗಡಲೇ ವೈದ್ಯನ ಕಣ್ಣೂ ಇರಬೇಕು. ಗದ್ದುಗೆಯಿಂದ ನೇರವಾಗಿ ಆಸ್ಪತ್ರೆಗೆ ಹೋಗುವುದರಿಂದ ಆಣೆಗೆ ಕುಂದಿಲ್ಲ.

ಹಾಗಾದರೆ ಆಣೆ ವ್ಯರ್ಥವೇ? ಎಂದಿಗೂ ಅಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಕಾಳುಕಡಿ ಬೇಡುವ ಜೋಳಿಗೆಯನ್ನು ಹಿಡಿದು ಅವರು ಬೇಡಿದ್ದು ಜನರ ದುಶ್ಚಟಗಳನ್ನು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಘೋಷಿಸಿತು. ಈ ಜೋಳಿಗೆಯ ಅರ್ಥವನ್ನು ಚಿಂತಿಸಿ ನೋಡಬೇಕು. ವ್ಯಸನಿಯು ಮಠಕ್ಕೆ ಬರಲೆಂದು ಸ್ವಾಮಿಗಳು ಕಾದು ಕುಳಿತಿರಲಿಲ್ಲ. ಜೋಳಿಗೆಯೇ ಅವನ ಬಾಗಿಲಿಗೆ ಹೋಯಿತು. ಇದು ಮೊದಲ ಅರ್ಥ. ಬೇಡುವವನು ಕೈ ಕೆಳಗೆ ಮಾಡಿ ನಿಲ್ಲುತ್ತಾನೆ, ಕೊಡುವವನ ಕೈ ಮೇಲಿರುತ್ತದೆ. ಎಲ್ಲರಿಂದ ಧಿಕ್ಕಾರಕ್ಕೆ ಗುರಿಯಾದ ಕುಡುಕನು ಅಂದು ದಾನಿಯಾದನು. ಇದು ಎರಡನೆಯ ಅರ್ಥ. ಜೋಳಿಗೆಯ ಬಾಯಿಗೆ ಬೀಗವಿಲ್ಲ. ಒಮ್ಮೆ ಹಾಕಿದ ಚಟವನ್ನು ದುರ್ಬಲ ಗಳಿಗೆಯಲ್ಲಿ ಮರಳಿ ತೆಗೆದುಕೊಂಡವನು ನಾಚುತ್ತ ಬಂದು ಮತ್ತೆ ಹಾಕುವೆನೆಂದರೆ ಜೋಳಿಗೆ ಬೇಡವೆನ್ನಲಾರದು. ಇದು ಮೂರನೆಯ ಅರ್ಥ. ಇದನ್ನು ಅರಿಯದವರು ಆಣೆಯನ್ನು ಬಾಗಿಲಾಗಿಸುವ ಬದಲು ಗೋಡೆಯಾಗಿಸುತ್ತಾರೆ.

ಮಾತಿನ ಸಂಗಡ ದಾರಿಯ ದೂರವನ್ನೂ ಕಾಲದ ವಿಳಂಬವನ್ನೂ ಎಣಿಸಬೇಕು. ಬಿಡಬೇಕೆಂಬ ಮನಸ್ಸು ಹುಟ್ಟಿದ ದಿನವೇ ಶುಭಮುಹೂರ್ತ. ಮೂರು ವಾರ ಬಿಟ್ಟು ಬಾ ಎಂದರೆ ಆ ಮುಹೂರ್ತ ಕಳೆದುಹೋಗುತ್ತದೆ. ಅಮೆರಿಕದ ಕೆಲವು ಚಿಕಿತ್ಸಾಲಯಗಳು ಒಟ್ಟುಗೂಡಿ, ಮೊದಲ ಕರೆಯಿಂದ ಚಿಕಿತ್ಸೆಯ ಆರಂಭದವರೆಗಿನ ಕಾಯುವಿಕೆಯನ್ನು ಸರಾಸರಿ 19.6 ದಿನಗಳಿಂದ 12.4 ದಿನಗಳಿಗೆ ಇಳಿಸಿದುವು. ಎರಡನೆಯ ಭೇಟಿಗೆ ಮರಳಿ ಬರುವವರ ಪ್ರಮಾಣವೂ ಹೆಚ್ಚಿದುದು 2007ರಲ್ಲಿ ಪ್ರಕಟವಾಯಿತು. ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ನಡೆಸಿದ ಪ್ರಯೋಗದ ತತ್ತ್ವವೂ ಇದಕ್ಕೆ ಸಮೀಪವಾದುದೇ: ಮನೋರೋಗಿಯನ್ನು ದೂರದ ದೊಡ್ಡ ಆಸ್ಪತ್ರೆಗೆ ಎಳೆಯುವುದಕ್ಕಿಂತ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಕಾರ್ಯಕರ್ತರನ್ನೂ ತರಬೇತುಗೊಳಿಸಿ ಅವನ ಊರ ಹತ್ತಿರವೇ ಚಿಕಿತ್ಸೆ ದೊರೆಯುವಂತೆ ಮಾಡುವುದು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯ ಮಾದರಿಯೇ ಅಡಿಗಲ್ಲಾಯಿತು.

ನೆರೆಯ ಗೋವೆಯ ಸಂಗತಿಯಂತೂ ಸಾಮಾನ್ಯ ಜನರಿಗೆ ಬಹಳ ಧೈರ್ಯ ಕೊಡತಕ್ಕದ್ದು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕರವಾಗಿ ಕುಡಿಯುತ್ತಿದ್ದ ಪುರುಷರೊಡನೆ, ವೈದ್ಯಪದವಿಯಿಲ್ಲದ ಸ್ಥಳೀಯರು ತರಬೇತಿ ಪಡೆದು ಹೆಚ್ಚೆಂದರೆ ನಾಲ್ಕು ಸಲ ಕುಳಿತು ಮಾತನಾಡಿದರು. ಅಗತ್ಯವಾದಾಗ ಮನೆಗೂ ಹೋದರು. 2017ರಲ್ಲಿ ಪ್ರಕಟವಾದ ಫಲದಂತೆ, ಮೂರು ತಿಂಗಳ ಬಳಿಕ ಹಿಂದಿನ ಹದಿನಾಲ್ಕು ದಿನ ಕುಡಿಯದೆ ಇದ್ದವರು ಈ ಸಮಾಲೋಚನೆ ಪಡೆದವರಲ್ಲಿ ನೂರಕ್ಕೆ 42 ಮಂದಿ. ಪಡೆಯದವರಲ್ಲಿ 18 ಮಂದಿ. ದೊಡ್ಡ ಪಂಡಿತರೇ ಬೇಕೆಂದಿಲ್ಲ; ತಾಳ್ಮೆಯಿಂದ ಕೇಳುವುದನ್ನು ಕಲಿತ ನೆರೆಯವನು ಸಾಕು.

ಇನ್ನು ಮನೆಯವರ ಪಾತ್ರ. ಕುಡಿಯುವವನ ಹೆಂಡತಿ, ತಾಯಿ, ಅಣ್ಣತಮ್ಮಂದಿರು ಪಡುವ ಪಾಡು ಹೇಳತೀರದು. ಅವರ ಬಾಯಿಂದ ಕಟುನುಡಿ ಬಂದರೆ ಅದಕ್ಕಾಗಿ ಅವರನ್ನು ದೂಷಿಸುವುದು ಅನ್ಯಾಯ. ಆದರೆ ಫಲದಾಯಕವಾದ ಮಾರ್ಗ ಯಾವುದೆಂದು ಅವರಿಗೆ ತಿಳಿಸುವುದು ಉಪಕಾರ. ಚಿಕಿತ್ಸೆಗೆ ಒಪ್ಪದ ಕುಡುಕರ 130 ಮಂದಿ ಆಪ್ತರನ್ನು ಮೂರು ಗುಂಪುಮಾಡಿ ನಡೆಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಮೊದಲ ಗುಂಪಿನವರಿಗೆ ಅವನನ್ನು ಬದಲಿಸುವ ಯತ್ನ ಬಿಟ್ಟು ತಮ್ಮ ಶಾಂತಿಯನ್ನು ಕಾಣುವುದನ್ನು ಕಲಿಸಿದರು. ಎರಡನೆಯ ಗುಂಪಿನವರಿಗೆ ಎಲ್ಲರೂ ಕೂಡಿ ಅವನನ್ನು ಎದುರಿಸಿ ಹೇಳುವುದನ್ನು ಕಲಿಸಿದರು. ಮೂರನೆಯ ಗುಂಪಿನವರಿಗೆ, ಅವನು ಕುಡಿಯದ ಹೊತ್ತಿನಲ್ಲಿ ಪ್ರೀತಿಯಿಂದ ಸಂಗಡವಿರುವುದನ್ನೂ, ಕುಡಿದ ಹೊತ್ತಿನಲ್ಲಿ ಜಗಳವಾಡದೆ ದೂರ ಸರಿಯುವುದನ್ನೂ, ಅವನ ಮನಸ್ಸು ಕರಗಿದ ಗಳಿಗೆ ನೋಡಿ ಚಿಕಿತ್ಸೆಯ ಮಾತೆತ್ತುವುದನ್ನೂ ಕಲಿಸಿದರು. ಕುಡಿಯುವವನು ಚಿಕಿತ್ಸೆಗೆ ಬಂದದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 13, ಎರಡನೆಯದರಲ್ಲಿ 30, ಮೂರನೆಯದರಲ್ಲಿ 64. ಮೃದುತ್ವಕ್ಕೂ ಕಾಲಜ್ಞಾನ ಬೇಕೆಂಬುದು ಇದರ ಸಾರ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮೃದುತ್ವದ ಹೆಸರಿನಲ್ಲಿ ಹೊಡೆತವನ್ನು ಸಹಿಸು ಎಂದು ಯಾವ ಹೆಣ್ಣಿಗೂ ಹೇಳಬಾರದು. ಅವಳ ಮತ್ತು ಮಕ್ಕಳ ರಕ್ಷಣೆ ಮೊದಲು, ಉಳಿದುದೆಲ್ಲ ಆಮೇಲೆ. ಎರಡನೆಯದಾಗಿ, ಅವನಿಗೆ ತಿಳಿಯದಂತೆ ಊಟದಲ್ಲಿ ಮಾತ್ರೆ ಬೆರೆಸುವ ರೂಢಿ ಕೆಲವೆಡೆ ಇದೆ. ಡೈಸಲ್ಫಿರಾಮ್ ಎಂಬ ಔಷಧ ದೇಹದಲ್ಲಿರುವಾಗ ಕುಡಿದರೆ ವಾಂತಿ, ಎದೆಬಡಿತಗಳೊಡನೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಅದನ್ನು ರೋಗಿಯ ಅರಿವಿನಿಂದಲೂ ಒಪ್ಪಿಗೆಯಿಂದಲೂ ವೈದ್ಯರ ನೋಟದಲ್ಲಿ ಮಾತ್ರ ಕೊಡತಕ್ಕದ್ದು. ಅಲ್ಲದೆ ವಂಚನೆಯಿಂದ ಕೊಟ್ಟ ಔಷಧವು ಬಯಲಾದ ದಿನ ನಂಬಿಕೆ ಸಾಯುತ್ತದೆ. ನಂಬಿಕೆ ಸತ್ತಲ್ಲಿ ಚಿಕಿತ್ಸೆ ಬದುಕಲಾರದು.

ಮರಳಿ ಬರುವವನಿಗೆ ಬಂದ ದಿನವೇ ಏನಾದರೊಂದು ಸಂತೋಷ ದೊರೆಯಬೇಕು. ಕುಡಿತ ಬಿಟ್ಟುದರ ದೊಡ್ಡ ಫಲಗಳಾದ ಆರೋಗ್ಯ, ಮಾನ, ಮನೆಯ ನೆಮ್ಮದಿ ನಿಧಾನವಾಗಿ ಬರತಕ್ಕವು. ಹೆಂಡದ ಸುಖವೋ ಕೂಡಲೇ ಬರುವಂಥದು. ಈ ಅಂತರವನ್ನು ತುಂಬಲು ನ್ಯಾನ್ಸಿ ಪೆಟ್ರಿ ಎಂಬ ವಿದುಷಿಯು ಒಂದು ಸರಳ ಉಪಾಯ ಮಾಡಿದರು. ಕುಡಿಯದೆ ಬಂದ ಹೊರರೋಗಿಯು ಒಂದು ಬೋಗುಣಿಯಿಂದ ಚೀಟಿಯೆತ್ತಬಹುದು. ಚೀಟಿಯಲ್ಲಿ ಬಹುಮಾನವಿದ್ದರೆ ಅದು ಅವನದು. ಬಹುಮಾನಗಳಲ್ಲಿ ಹೆಚ್ಚಿನವು ಅಲ್ಪಬೆಲೆಯವು. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಎಂಟು ವಾರಗಳ ಕೊನೆಯವರೆಗೆ ಚಿಕಿತ್ಸೆಯಲ್ಲಿ ಉಳಿದವರು ಚೀಟಿಯೆತ್ತಿದವರಲ್ಲಿ ನೂರಕ್ಕೆ 84 ಮಂದಿ, ಉಳಿದವರಲ್ಲಿ 22 ಮಂದಿ. ಇದನ್ನು ಮಕ್ಕಳಾಟವೆಂದು ನಗುವವರು ಮಠಗಳ ದಾಸೋಹವನ್ನು ನೆನೆಯಬೇಕು. ಅನ್ನಕ್ಕಾಗಿ ಬಂದ ಬಾಲಕನು ಅಕ್ಷರ ಕಲಿತು ಹೋದುದನ್ನು ಈ ನಾಡು ಕಂಡಿಲ್ಲವೇ? ಅನ್ನಕ್ಕೆ ಬಂದನೆಂದು ಯಾವ ಗುರುವೂ ಅವನನ್ನು ಹೀನವಾಗಿ ಕಾಣಲಿಲ್ಲ. ಬಂದವನು ಉಳಿಯಲಿ, ಉಳಿದವನಿಗೆ ಅರಿವು ಮೂಡಲು ಕಾಲವಿದೆ.

ಉರಿಲಿಂಗಪೆದ್ದಿಗಳ ವಿಷಯದಲ್ಲಿ ಪರಂಪರೆ ಹೇಳುವ ಕಥೆಯನ್ನು ಇಲ್ಲಿ ಸ್ಮರಿಸಬಹುದು. ಮೊದಲು ಕಳ್ಳತನದಿಂದ ಬದುಕುತ್ತಿದ್ದ ಪೆದ್ದಣ್ಣನು ಕಳವಿಗೆಂದು ಹೋದ ಮನೆಯಲ್ಲಿ ಗುರು ಉರಿಲಿಂಗದೇವರು ದೀಕ್ಷೆ ಕೊಡುವುದನ್ನು ಮರೆಯಲ್ಲಿ ನಿಂತು ಕಂಡನು, ಮನಸ್ಸು ಕರಗಿತು. ಆದರೆ ಕರಗಿದ ಮನಸ್ಸನ್ನು ನಂಬಿ ಸುಮ್ಮನೆ ಕೂರಲಿಲ್ಲ. ದಿನವೂ ಸೌದೆಯ ಹೊರೆ ತಂದು ಗುರುವಿನ ಬಾಗಿಲಿಗೆ ಹಾಕತೊಡಗಿದನು. ದಿನದಿನದ ಆ ಹೊರೆಯೇ ಅವನನ್ನು ಕಳ್ಳನಿಂದ ಶರಣನನ್ನಾಗಿ ಬೆಳೆಸಿತು. ಬರಿಗೈಯಲ್ಲಿ ಬಂದು ಬೈಗುಳ ಕೇಳಿ ಹೋಗುವ ಸ್ಥಳಕ್ಕೆ ಯಾರೂ ಬಹುಕಾಲ ಬರುವುದಿಲ್ಲ. ತನ್ನಿಂದಲೂ ಒಂದು ಹೊರೆ ಸೌದೆ ಬೇಕಾಗಿದೆಯೆಂದು ತಿಳಿದರೆ ಬರುತ್ತಾರೆ. ಆದುದರಿಂದ ವ್ಯಸನ ಬಿಡುತ್ತಿರುವವನಿಗೆ ಕಾಯಕ ಬೇಕು. ಕುಡಿತದ ಗೆಳೆಯರನ್ನು ಬಿಟ್ಟವನಿಗೆ ಸಂಜೆಯ ಹೊತ್ತು ಬಯಲಾಗಿ ಕಾಣುತ್ತದೆ. ಆ ಬಯಲಿನಲ್ಲಿ ಭಜನೆಯೋ ಬಡಗಿಕೆಲಸವೋ ಮಠದ ತೋಟದ ನೀರೋ ಇರಬೇಕು.

ಊರೊಂದು ಏನು ಮಾಡಬಹುದೆಂಬುದು ಇಷ್ಟರಿಂದ ಸ್ಪಷ್ಟವಾಗುತ್ತದೆ. ಆಸ್ಪತ್ರೆಗೆ ಹೋಗಬೇಕಾದ ದಿನ ಒಬ್ಬರು ಸಂಗಡ ಹೋಗಬೇಕು. ಆ ದಿನದ ಕೂಲಿ ತಪ್ಪುವವನಿಗೆ ಬಸ್ಸಿನ ದುಡ್ಡನ್ನಾದರೂ ಹೊಂದಿಸಬೇಕು. ಹೋಗದಿದ್ದರೆ ಮರುದಿನ ಮನೆಗೆ ಹೋಗಿ, ಏಕೆ ಹೋಗಲಿಲ್ಲವೆಂದು ಗದರದೆ, ಹೇಗಿರುವೆ ಎಂದು ಕೇಳಬೇಕು. ಮದುವೆ, ಜಾತ್ರೆಗಳಲ್ಲಿ ಅವನ ಕೈಗೆ ಬಟ್ಟಲು ಕೊಡದವರ ಸಾಲಿನಲ್ಲಿ ಅವನನ್ನು ಕೂರಿಸಿಕೊಳ್ಳಬೇಕು. ದಾರಿ ತಿಳಿಯದವರಿಗೆ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮನಸ್ ಸಹಾಯವಾಣಿ 14416 ಇವೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ. ಸಂಖ್ಯೆಯನ್ನು ಹೇಳಿಕೊಟ್ಟರೆ ಸಾಲದು. ಪಕ್ಕದಲ್ಲಿ ಕುಳಿತು ಕರೆಮಾಡಿಸಬೇಕು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬುವನಿದ್ದನು. ಹೆಸರೇ ಹೇಳುವಂತೆ ಅವನದು ಹೆಂಡ ಮಾರುವ ಕಾಯಕ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವನ ವಚನಗಳು ಉಳಿದಿವೆ. ಅವನ ಹಿನ್ನೆಲೆಯನ್ನು ಕೇಳಿ ಶರಣರು ಬಾಗಿಲು ಮುಚ್ಚಿದ್ದರೆ ಆ ವಚನಗಳು ಇಂದು ದೊರೆಯುತ್ತಿದ್ದುವೇ? ಹೆಂಡ ಮಾರುತ್ತಿದ್ದವನಿಗೆ ಮಂಟಪದಲ್ಲಿ ಎಡೆ ದೊರೆತಿರುವಾಗ, ಹೆಂಡಕ್ಕೆ ಸೋತು ನೊಂದು ಬಂದವನಿಗೆ ಇಂದಿನ ಮಠದಲ್ಲಿ, ಮನೆಯಲ್ಲಿ, ಆಸ್ಪತ್ರೆಯಲ್ಲಿ ಎಡೆ ಇಲ್ಲವೆನ್ನಲು ಯಾರಿಗೆ ಅಧಿಕಾರವಿದೆ?

ಸ್ಥಾವರಕ್ಕಿಂತ ಜಂಗಮವನ್ನು ಶರಣರು ಮೇಲೆಂದರು. ವ್ಯಸನಮುಕ್ತಿಯೂ ಒಮ್ಮೆ ಕಟ್ಟಿ ಮುಗಿಸಿದ ಗುಡಿಯಲ್ಲ. ಬರುವುದು, ಹೋಗುವುದು, ಎಡವುವುದು, ಮತ್ತೆ ಬರುವುದು ಇವುಗಳಲ್ಲಿಯೇ ಜೀವಂತವಾಗಿರತಕ್ಕ ನಡೆ. ನಡೆಯುವವನ ಕಾಲಿನಲ್ಲಿ ಬಲವಿದೆಯೇ ಎಂದು ಕೇಳುವವರು ಬಹಳ ಮಂದಿ. ಅವನು ತಲಪುವ ಬಾಗಿಲಲ್ಲಿ ದೀಪವಿದೆಯೇ ಎಂದೂ ಕೇಳಿಕೊಳ್ಳಬೇಕು. ಮೂರನೆಯ ಸಲ ಹೆಸರು ಕೂಗಿದಾಗ ಏಳದವನನ್ನು ನಾಲ್ಕನೆಯ ಸಲಕ್ಕೆ ಕರೆತರುವ ನುಡಿ ಪ್ರತಿಯೊಬ್ಬ ಸದ್ಭಕ್ತನ ನಾಲಗೆಯಲ್ಲಿಯೂ ನೆಲಸಲಿ.